ಬೆಲೆ ಜಿಗಿದಾಗ ಬೇಲಿ ನಿಲ್ಲುವುದೇ? — ಸೂಚ್ಯಂಕ ಆಪ್ಷನ್ ವ್ಯವಹಾರದ ಬಗ್ಗೆ ಕೆಲವು ಮಾತು



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಅಡಕೆಯ ಕೊಳೆರೋಗ, ಕಾಫಿಯ ಬಿಳಿ ಕಾಂಡಕೊರಕ, ಗೊಬ್ಬರದ ದಾಸ್ತಾನು, ಸಾಲದ ಕಂತು ಇಂಥ ವಿಷಯಗಳನ್ನು. ಈ ಸಲ ಷೇರುಪೇಟೆಯ ಮಾತು ಬಂದಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣವಿದೆ. 2024ರ ಜೂನ್ ತಿಂಗಳ ನಂತರ ಬೆಳೆಸಾಲದ ಕಂತನ್ನು ಮುಂದೂಡಿರೆಂದು ಸಂಘದ ಕಚೇರಿಗೆ ಬಂದವರಲ್ಲಿ ಮೂವರ ಮನೆಯ ನಷ್ಟಕ್ಕೆ ಮಳೆಯೂ ಕಾರಣವಲ್ಲ, ರೋಗವೂ ಕಾರಣವಲ್ಲ. ಮೊಬೈಲ್ ಫೋನಿನಲ್ಲಿ ನಡೆಸಿದ ನಿಫ್ಟಿ ಆಪ್ಷನ್ ವ್ಯವಹಾರವೇ ಕಾರಣ.

ಮೂವರಲ್ಲಿ ಮೊದಲನೆಯವನು ನಮ್ಮ ಹಳೆಯ ಸದಸ್ಯರೊಬ್ಬರ ಮಗ. ಎಂಜಿನಿಯರಿಂಗ್ ಓದಿ, ತಂದೆಗೆ ಕೈಲಾಗದೆಂದು ನಾಲ್ಕೆಕರೆ ತೋಟ ನೋಡಿಕೊಳ್ಳಲು ಊರಿಗೆ ಬಂದವನು. ಹದಿನಾಲ್ಕು ತಿಂಗಳ ಕಾಲ ಆಪ್ಷನ್ ಮಾರಿ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ರೂಪಾಯಿ ತಪ್ಪದೆ ಸಂಪಾದಿಸಿದ. ಆಗ ಕಚೇರಿಯ ಜಗಲಿಯಲ್ಲಿ ನಾಲ್ಕು ಜನರ ಎದುರಿಗೆ ನಾವೂ ಅವನನ್ನು ಹೊಗಳಿದ್ದೆವು. ಆ ಮಾತು ಕೇಳಿಯೇ ಉಳಿದಿಬ್ಬರು ಇದಕ್ಕೆ ಇಳಿದರೆಂದು ಆಮೇಲೆ ತಿಳಿಯಿತು. ಆದ್ದರಿಂದ ಈ ಲೇಖನ ಬರೆಯುವುದು ನಮ್ಮ ಮೇಲಿನ ಋಣವೂ ಹೌದು.

ಆ ಹುಡುಗ ಜೂಜಾಡುವವನಲ್ಲ. "ಬೇಲಿ ಹಾಕಿಕೊಂಡೇ ಮಾಡ್ತಿದ್ದೆ ಸಾರ್, ಆದ್ರೂ ಹೋಯ್ತು" ಎಂದು ಆತ ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಬೇಲಿ ಇತ್ತು. ಇದ್ದ ಬೇಲಿ ಏಕೆ ಉಪಯೋಗಕ್ಕೆ ಬರಲಿಲ್ಲ ಎಂಬುದೇ ನಾವು ಇಲ್ಲಿ ವಿವರಿಸಹೊರಟಿರುವ ವಿಷಯ.

ಆಪ್ಷನ್ ಎಂದರೇನು?

ನಮಗೆ ಪರಿಚಯವಿರುವ ಕಾಳುಮೆಣಸಿನಿಂದಲೇ ಆರಂಭಿಸೋಣ. ಒಬ್ಬ ವ್ಯಾಪಾರಿ ಹೀಗೆ ಹೇಳುತ್ತಾನೆಂದು ಭಾವಿಸಿ: "ಮಾರ್ಚ್ ಕೊನೆಯ ದಿನ ಪೇಟೆಯಲ್ಲಿ ಏನೇ ಧಾರಣೆ ಇರಲಿ, ನಿಮ್ಮ ಮೆಣಸನ್ನು ಕಿಲೋಗೆ 600 ರೂಪಾಯಿಯಂತೆ ನಾನು ತೆಗೆದುಕೊಳ್ಳುತ್ತೇನೆ. ಈ ಮಾತಿಗಾಗಿ ಈಗ ಕಿಲೋಗೆ 20 ರೂಪಾಯಿ ಕೊಡಿ." ಧಾರಣೆ 500ಕ್ಕೆ ಇಳಿದರೆ ನೀವು ಅವನಿಗೆ 600ಕ್ಕೆ ಕೊಡುತ್ತೀರಿ. 700ಕ್ಕೆ ಏರಿದರೆ ಪೇಟೆಯಲ್ಲೇ ಮಾರುತ್ತೀರಿ, ಕೊಟ್ಟ 20 ಹೋಯಿತೆಂದುಕೊಳ್ಳುತ್ತೀರಿ. ಇದೇ ಪುಟ್ ಆಪ್ಷನ್. ಇದರ ತಿರುವು, ಎಂದರೆ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು, ಕಾಲ್ ಆಪ್ಷನ್. ಮೊದಲೇ ಕೊಡುವ 20 ರೂಪಾಯಿ ಪ್ರೀಮಿಯಂ.

ಸೂಚ್ಯಂಕ ಆಪ್ಷನ್ನಿನಲ್ಲಿ ಮೆಣಸಿನ ಬದಲು ನಿಫ್ಟಿ ಇರುತ್ತದೆ. ಇದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ 50 ದೊಡ್ಡ ಕಂಪನಿಗಳ ಷೇರುಬೆಲೆಯನ್ನು ಒಟ್ಟಾಗಿ ತೋರಿಸುವ ಅಂಕಿ. ಅಲ್ಲಿ ಚೀಲ ಹೊರುವುದಿಲ್ಲ, ತೂಕ ಹಾಕುವುದಿಲ್ಲ. ವಾಯಿದೆಯ ದಿನ ವ್ಯತ್ಯಾಸದ ಹಣ ಮಾತ್ರ ಕೈ ಬದಲಾಗುತ್ತದೆ. ಅಲ್ಲಿ ನಿಫ್ಟಿ ಫ್ಯೂಚರ್ಸ್, ಅಂದರೆ ವಾಯಿದೆ ವ್ಯಾಪಾರ, 2000ದ ಜೂನ್‌ನಲ್ಲಿಯೂ ನಿಫ್ಟಿ ಆಪ್ಷನ್ 2001ರ ಜೂನ್‌ನಲ್ಲಿಯೂ ಆರಂಭವಾದವು.

ಕೊಳ್ಳುವವನ ನಷ್ಟಕ್ಕೆ ಮಿತಿಯುಂಟು: ಕೊಟ್ಟ ಪ್ರೀಮಿಯಂ ಹೋದರೆ ಅಷ್ಟೇ. ಮಾರುವವನ ಲಾಭಕ್ಕೆ ಮಿತಿಯುಂಟು, ನಷ್ಟಕ್ಕೆ ಇಲ್ಲ. ಹೀಗಿದ್ದರೂ ಮಾರುವವರು ಏಕಿದ್ದಾರೆ? ಬಹುಪಾಲು ತಿಂಗಳುಗಳಲ್ಲಿ ಏನೂ ಆಗುವುದಿಲ್ಲ, ಪ್ರೀಮಿಯಂ ಉಳಿಯುತ್ತದೆ. ಅಲ್ಲದೆ, ನಷ್ಟಕ್ಕೆ ತಾವೊಂದು ಬೇಲಿ ಹಾಕಿಕೊಳ್ಳಬಲ್ಲೆವೆಂಬ ಧೈರ್ಯವೂ ಅವರಿಗಿರುತ್ತದೆ.

ಬೇಲಿ ಹಾಕುವ ಕ್ರಮ

ಹೊಳೆದಂಡೆಯಲ್ಲಿ ಪಂಪ್‌ಸೆಟ್ ಇಟ್ಟಿರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಳೆಗಾಲ ಹಿಡಿದಾಗ ಹೊಳೆ ಒಂದಡಿ ಏರಿದರೆ ಪಂಪನ್ನು ಒಂದಡಿ ಮೇಲಕ್ಕೆ ಎಳೆಯುತ್ತೇವೆ, ಇಳಿದರೆ ಕೆಳಗೆ ತರುತ್ತೇವೆ. ಪ್ರತಿ ಸಲವೂ ಆಳಿನ ಕೂಲಿ ಖರ್ಚಾಗುತ್ತದೆ, ಆದರೆ ಪಂಪು ಉಳಿಯುತ್ತದೆ. ಆಪ್ಷನ್ ಮಾರಿದವನು ಹಾಕುವ ಬೇಲಿಯೂ ಇಂಥದೇ. ಇದನ್ನು ಹೆಡ್ಜಿಂಗ್ ಎನ್ನುತ್ತಾರೆ. ಹೆಡ್ಜ್ ಎಂದರೆ ಬೇಲಿಯೇ.

ಒಂದು ಲೆಕ್ಕ ನೋಡೋಣ. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ನಿಫ್ಟಿ 20,000ದಲ್ಲಿದೆ. ಒಬ್ಬನು 20,000ದ ಪುಟ್ ಒಂದನ್ನು ಮಾರಿ 400 ರೂಪಾಯಿ ಪಡೆಯುತ್ತಾನೆ. ನಿಫ್ಟಿ 100 ಅಂಶ ಇಳಿದರೆ ಈ ಪುಟ್ಟಿನ ಬೆಲೆ ಸುಮಾರು 50 ಏರುತ್ತದೆ. ಅಷ್ಟು ಇವನಿಗೆ ನಷ್ಟ. ಆದ್ದರಿಂದ ಅವನು ಅರ್ಧ ಪಾಲು ಫ್ಯೂಚರ್ಸನ್ನೂ ಮಾರಿಡುತ್ತಾನೆ. ನಿಫ್ಟಿ 100 ಇಳಿದಾಗ ಅಲ್ಲಿ 50 ಬರುತ್ತದೆ, ಲೆಕ್ಕ ಸರಿಹೋಗುತ್ತದೆ. ಇನ್ನಷ್ಟು ಇಳಿದರೆ ಪುಟ್ಟಿನ ಬೆಲೆ ಮೊದಲಿಗಿಂತ ಚುರುಕಾಗಿ ಏರತೊಡಗುವುದರಿಂದ ಅರ್ಧ ಪಾಲು ಸಾಲದು. ಇನ್ನೂ ಸ್ವಲ್ಪ ಮಾರಬೇಕು. ಮತ್ತೆ ಏರಿದರೆ ಮಾರಿದ್ದನ್ನು ಹಿಂದಕ್ಕೆ ಕೊಳ್ಳಬೇಕು. ಇಳಿದಾಗ ಮಾರುವುದು, ಏರಿದಾಗ ಕೊಳ್ಳುವುದು ಎಂದರೆ ಪ್ರತಿ ಸಲವೂ ಸಣ್ಣ ನಷ್ಟ. ಅದು ಪಂಪು ಎಳೆಯುವ ಕೂಲಿ ಇದ್ದಂತೆ. ಆ ಕೂಲಿಗೆಂದೇ 400 ರೂಪಾಯಿ ಬಂದಿದೆ.

ಈ ತತ್ತ್ವವನ್ನು ಗಣಿತದ ಸೂತ್ರಕ್ಕೆ ತಂದವರು ಅಮೆರಿಕದ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಷೋಲ್ಸ್, 1973ರಲ್ಲಿ. ರಾಬರ್ಟ್ ಮರ್ಟನ್ ಅದೇ ವರ್ಷ ಅದನ್ನು ಇನ್ನಷ್ಟು ಬೆಳೆಸಿದರು. 1997ರಲ್ಲಿ ಷೋಲ್ಸ್ ಮತ್ತು ಮರ್ಟನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರಕಿತು. ಬ್ಲ್ಯಾಕ್ ಅದಕ್ಕೆ ಮೊದಲೇ, 1995ರಲ್ಲಿ, ತೀರಿಕೊಂಡಿದ್ದರು. ಸೂತ್ರ ಸರಿಯಾದದ್ದೇ. ಆದರೆ ಅದರ ಬುಡದಲ್ಲಿ ಒಂದು ಷರತ್ತಿದೆ: ಬೆಲೆ ಮೆಟ್ಟಿಲು ಮೆಟ್ಟಿಲಾಗಿ ನಡೆಯಬೇಕು, ಪ್ರತಿ ಮೆಟ್ಟಿಲಿನಲ್ಲೂ ನಮಗೆ ಕೊಳ್ಳಲು ಮಾರಲು ಅವಕಾಶ ಸಿಗಬೇಕು.

ಬೆಲೆ ಜಿಗಿದರೆ

ಬೆಲೆ ಯಾವಾಗಲೂ ನಡೆಯುವುದಿಲ್ಲವೆಂದು ಕಾಫಿ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2021ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಹಿಮ ಬಿದ್ದು, ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನ ಅರೇಬಿಕಾ ಧಾರಣೆ ಪೌಂಡಿಗೆ 2 ಡಾಲರ್ ದಾಟಿದ್ದನ್ನು, ಅದಕ್ಕೆ ಮೊದಲೇ ಪಾರ್ಚ್‌ಮೆಂಟ್ ಮಾರಿ ಕುಳಿತಿದ್ದವರು ಮರೆತಿರಲಾರರು.

ಈಗ ಮೇಲಿನ ಲೆಕ್ಕಕ್ಕೆ ಬನ್ನಿ. ರಾತ್ರಿ ಏನೋ ಸುದ್ದಿ ಬಂದು ಬೆಳಿಗ್ಗೆ ನಿಫ್ಟಿ 20,000ದಿಂದ ನೇರವಾಗಿ 18,000ಕ್ಕೆ ತೆರೆಯಿತೆನ್ನಿ. ನಡುವೆ 19,900 ಇಲ್ಲ, 19,500 ಇಲ್ಲ. ಮಾರಿದ ಪುಟ್ಟಿಗೆ ಕನಿಷ್ಠ 2,000 ಕೊಡಬೇಕು. ಫ್ಯೂಚರ್ಸಿನ ಅರ್ಧ ಪಾಲಿನಿಂದ 1,000 ಬಂತು, ಪ್ರೀಮಿಯಂ 400 ಕೈಯಲ್ಲಿದೆ. ಉಳಿದ 600 ಜೇಬಿನಿಂದ ಹೋಯಿತು.

ಇನ್ನೊಂದು ಸೋಜಿಗವಿದೆ. ನಿಫ್ಟಿ ಮೇಲಕ್ಕೆ 22,000ಕ್ಕೆ ಜಿಗಿದರೂ ಅಷ್ಟೇ ನಷ್ಟ. ಪುಟ್ಟಿಗೆ ಬಹುತೇಕ ಏನೂ ಕೊಡಬೇಕಾಗಿಲ್ಲ, 400 ಉಳಿಯಿತು. ಆದರೆ ಬೇಲಿಗೆಂದು ಮಾರಿದ ಫ್ಯೂಚರ್ಸಿನಲ್ಲಿ 1,000 ಹೋಯಿತು. ಮತ್ತೆ 600 ನಷ್ಟ. ಸಣ್ಣ ಏರಿಳಿತದಲ್ಲಿ ಎರಡೂ ಕಡೆ ಕಾಯುವ ಬೇಲಿ, ದೊಡ್ಡ ಜಿಗಿತದಲ್ಲಿ ಎರಡೂ ಕಡೆ ಹೊಡೆಯುತ್ತದೆ. ಹೊಳೆ ನಡುರಾತ್ರಿ ಒಮ್ಮೆಗೇ ಹತ್ತಡಿ ಬಂದರೆ ಪಂಪು ಎಳೆಯುವ ಆಳು ಎಷ್ಟು ಚುರುಕಾದವನಾದರೂ ಏನು ಪ್ರಯೋಜನ?

ಇದನ್ನು ಮರ್ಟನ್ ಅವರೇ 1976ರಲ್ಲಿ ಇನ್ನೊಂದು ಪ್ರಬಂಧದಲ್ಲಿ ಬರೆದರು. ಬೆಲೆ ಹೆಚ್ಚಿನ ದಿನ ನಡೆಯುತ್ತದೆ, ಅಪರೂಪಕ್ಕೊಮ್ಮೆ ಜಿಗಿಯುತ್ತದೆ. ಆಪ್ಷನ್ ಮಾರಿ ಹಳೆಯ ಸೂತ್ರದಂತೆ ಬೇಲಿ ಹಾಕುವವನು ಬಹುಪಾಲು ದಿನ ನಿರೀಕ್ಷೆಗಿಂತ ತುಸು ಹೆಚ್ಚೇ ಗಳಿಸಿ, ಜಿಗಿತ ಬಂದ ದಿನ ದೊಡ್ಡ ನಷ್ಟ ಹೊಂದುತ್ತಾನೆ ಎಂಬುದು ಅದರ ತಾತ್ಪರ್ಯ. ನಮ್ಮ ಹುಡುಗನ ಹದಿನಾಲ್ಕು ತಿಂಗಳ ಗಳಿಕೆಯ ಗುಟ್ಟು ಇದರಲ್ಲಿದೆ. ಅವನು ಪಡೆದ ಪ್ರೀಮಿಯಂನಲ್ಲಿ ಇನ್ನೂ ಬಾರದ ನೆರೆಯ ಹಣವೂ ಸೇರಿತ್ತು. ಅದನ್ನು ಅವನು ಸಂಪಾದನೆಯೆಂದು ಎಣಿಸಿಕೊಂಡ. ನಾವೂ ಹಾಗೆಯೇ ಎಣಿಸಿದೆವು.

ಮರ್ಟನ್ ಅವರು ಸೂತ್ರ ಕಟ್ಟುವಾಗ ಇನ್ನೊಂದು ಊಹೆ ಮಾಡಿದ್ದರು. ಒಂದು ಕಂಪನಿಯ ಷೇರು ಜಿಗಿಯುವುದು ಆ ಕಂಪನಿಯ ಸುದ್ದಿಯಿಂದ. ನೂರು ಕಂಪನಿಗಳ ಆಪ್ಷನ್ ಇಟ್ಟುಕೊಂಡರೆ ಅಪಾಯ ಹಂಚಿಹೋಗುತ್ತದೆ ಎಂಬುದು ಆ ಊಹೆ. ಒಬ್ಬರ ಕಣದ ಶೆಡ್ಡಿಗೆ ಬೆಂಕಿ ಬಿದ್ದರೆ ನೂರು ಜನ ಸೇರಿ ಭರಿಸಬಹುದಲ್ಲವೇ, ಹಾಗೆ. ಆದರೆ ಸೂಚ್ಯಂಕ ಜಿಗಿಯುವುದೆಂದರೆ ಇಡೀ ಪೇಟೆಯೇ ಜಿಗಿದಂತೆ. ಕಣಿವೆಯುದ್ದಕ್ಕೂ ನೆರೆ ಬಂದರೆ ಯಾರು ಯಾರಿಗೆ ಸಹಾಯ ಮಾಡಬೇಕು? ಆದಕಾರಣ ಸೂಚ್ಯಂಕ ಆಪ್ಷನ್ನಿನಲ್ಲಿ ಜಿಗಿತದ ಅಪಾಯವನ್ನು ಹಂಚಿ ಕರಗಿಸಲಾಗುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದು, ಅಷ್ಟೇ. ದಾಟಿಸಿಕೊಂಡವನು ನೀವಾಗಿದ್ದೀರೋ ಎಂದು ನೋಡಿಕೊಳ್ಳಬೇಕು.

1987ರ ಅಕ್ಟೋಬರ್ 19

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 1981ರಲ್ಲಿ ಅಮೆರಿಕದಲ್ಲಿ ಹೇನ್ ಲೆಲ್ಯಾಂಡ್, ಜಾನ್ ಓಬ್ರಿಯನ್, ಮಾರ್ಕ್ ರೂಬಿನ್‌ಸ್ಟೈನ್ ಎಂಬ ಮೂವರು ಸೇರಿ ಒಂದು ಸಂಸ್ಥೆ ತೆರೆದರು. ಪಿಂಚಣಿ ನಿಧಿಗಳಂಥ ದೊಡ್ಡ ಹಣದವರಿಗೆ ಅವರು ಮಾರಿದ ಉಪಾಯದ ಹೆಸರು ಪೋರ್ಟ್‌ಫೋಲಿಯೋ ವಿಮೆ. ಹೆಸರಿನಲ್ಲಿ ವಿಮೆ ಇತ್ತೇ ಹೊರತು ಪುಟ್ ಕೊಂಡಿಡುವುದಿರಲಿಲ್ಲ. ಪೇಟೆ ಇಳಿದಂತೆ ಸ್ವಲ್ಪ ಸ್ವಲ್ಪವಾಗಿ ಸೂಚ್ಯಂಕದ ಫ್ಯೂಚರ್ಸ್ ಮಾರುತ್ತಾ ಹೋದರೆ ಪುಟ್ ಕೊಂಡಷ್ಟೇ ರಕ್ಷಣೆ ದೊರೆಯುವುದೆಂಬ ಲೆಕ್ಕ. ನಮ್ಮ ಪಂಪ್‌ಸೆಟ್ಟಿನ ಕ್ರಮವೇ. 1987ರ ಹೊತ್ತಿಗೆ 6,000 ಕೋಟಿ ಡಾಲರಿನಷ್ಟು ಆಸ್ತಿ ಈ ಬೇಲಿಯ ಒಳಗಿತ್ತು.

ಅಕ್ಟೋಬರ್ 19ರ ಸೋಮವಾರ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ 508 ಅಂಶ, ಎಂದರೆ ಶೇಕಡ 22.6ರಷ್ಟು ಬಿದ್ದಿತು. ಬೇಲಿಯವರೆಲ್ಲರ ಕೋಷ್ಟಕವೂ ಒಂದೇ ಮಾತು ಹೇಳಿತು: ಮಾರು. ಎಲ್ಲರೂ ಮಾರಲು ನಿಂತಾಗ ಕೊಳ್ಳುವವರು ಯಾರು? ಎಸ್ ಅಂಡ್ ಪಿ 500 ಸೂಚ್ಯಂಕ ಶೇಕಡ 20ರಷ್ಟು ಇಳಿದರೆ, ಅದರ ಫ್ಯೂಚರ್ಸ್ ಶೇಕಡ 29ರ ಹತ್ತಿರ ಇಳಿದವು. ಬೇಲಿಗೆಂದು ಮಾರಬೇಕಾಗಿದ್ದ ಸರಕೇ ಮೂಲ ಸರಕಿಗಿಂತ ಅಗ್ಗವಾಗಿತ್ತು. ಲೆಕ್ಕ ಹಾಕಿದ ಬೆಲೆಗೆ ಮಾರಲಾಗದೆ ಅನೇಕರು ನಡುವೆಯೇ ಕೈಬಿಟ್ಟರು. ಅವರ ಮಾರಾಟದ ಭರವೇ ಪೇಟೆಯನ್ನು ಇನ್ನಷ್ಟು ಕೆಳಕ್ಕೆ ತಳ್ಳಿತೆಂದು 1988ರ ಜನವರಿಯಲ್ಲಿ ಬ್ರೇಡಿ ಸಮಿತಿಯ ವರದಿ ಹೇಳಿತು.

ಆ ದಿನ ನಿಜವಾದ ಪುಟ್ ಕೊಂಡಿಟ್ಟವರಿಗೆ ಏನನ್ನೂ ಮಾರುವ ಅಗತ್ಯ ಬೀಳಲಿಲ್ಲ. ಅವರ ರಕ್ಷಣೆ ಮೊದಲೇ ಕೈಯಲ್ಲಿತ್ತು. ವ್ಯತ್ಯಾಸವಿರುವುದು ಇಲ್ಲೇ.

ನಮ್ಮ ಪೇಟೆಯಲ್ಲಿ

ನಮ್ಮ ಷೇರುಪೇಟೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ತೆರೆದಿರುತ್ತದೆ. ದಿನದ 24 ಗಂಟೆಯಲ್ಲಿ 17 ಗಂಟೆ 45 ನಿಮಿಷ ಬಾಗಿಲು ಮುಚ್ಚಿರುತ್ತದೆ. ಶನಿವಾರ ಭಾನುವಾರ ಬೇರೆ. ಸುದ್ದಿಗೆ ರಜೆಯಿಲ್ಲ. 2020ರ ಮಾರ್ಚ್ 23ರಂದು, ಕೊರೊನಾ ಕಾಲದಲ್ಲಿ, ಬೆಳಿಗ್ಗೆಯೇ ಪೇಟೆ ಶೇಕಡ 10 ಬಿದ್ದು ವ್ಯವಹಾರವನ್ನು 45 ನಿಮಿಷ ನಿಲ್ಲಿಸಲಾಯಿತು. ದಿನದ ಕೊನೆಗೆ ನಿಫ್ಟಿ ಶೇಕಡ 12.98 ಇಳಿದು 7,610ರಲ್ಲಿ ನಿಂತಿತು. ಬಾಗಿಲು ಮುಚ್ಚಿದ 45 ನಿಮಿಷ ಬೇಲಿ ಸರಿಪಡಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಇನ್ನು ನಮ್ಮ ಹುಡುಗನ ಕಥೆ. 2024ರ ಮೇ 31ರ ಶುಕ್ರವಾರ ಅವನು ಕಾಲ್ ಮತ್ತು ಪುಟ್ ಎರಡನ್ನೂ ಮಾರಿ ಕುಳಿತಿದ್ದ. ಶನಿವಾರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು. ಸೋಮವಾರ ನಿಫ್ಟಿ ತೆರೆದದ್ದೇ ಸುಮಾರು 800 ಅಂಶ ಮೇಲೆ. ಮಾರಿದ ಕಾಲ್ ಉಬ್ಬಿತು. ಕ್ರಮದ ಪ್ರಕಾರ ಅವನು ಬೇಲಿಗೆಂದು ಆ ಏರಿದ ಬೆಲೆಯಲ್ಲೇ ಫ್ಯೂಚರ್ಸ್ ಕೊಂಡ. ಮಂಗಳವಾರ ಜೂನ್ 4, ಮತ ಎಣಿಕೆಯ ದಿನ. ಹಿಂದಿನ ದಿನ 23,263ರಲ್ಲಿ ಮುಗಿದಿದ್ದ ನಿಫ್ಟಿ, ವ್ಯವಹಾರದ ನಡುವೆ ಒಮ್ಮೆ 21,300ಕ್ಕೂ ಕೆಳಗೆ ಹೋಗಿ, ಕೊನೆಗೆ ಶೇಕಡ 5.93 ಇಳಿದು 21,884ರಲ್ಲಿ ನಿಂತಿತು. ಕೊಂಡ ಫ್ಯೂಚರ್ಸಿನಲ್ಲಿ ನಷ್ಟ, ಮಾರಿದ ಪುಟ್ಟಿನಲ್ಲಿ ನಷ್ಟ. ಮಾರ್ಜಿನ್ ಹಣ ತುಂಬಿರೆಂದು ಸಂದೇಶ ಬಂತು. ಅವನು ಹಣ ಹೊಂದಿಸುವಷ್ಟರಲ್ಲಿ ಅತಿ ಕೆಳಗಿನ ಬೆಲೆಯ ಹತ್ತಿರವೇ ಅವನ ಲೆಕ್ಕವನ್ನು ಮುಗಿಸಲಾಗಿತ್ತು. ಹದಿನಾಲ್ಕು ತಿಂಗಳ ಗಳಿಕೆ ಒಂದೂವರೆ ಲಕ್ಷ. ಎರಡು ದಿನದ ನಷ್ಟ ಐದು ಲಕ್ಷಕ್ಕೂ ಮೇಲೆ. ಅದರಲ್ಲಿ ಚೆರಿ ಮಾರಿದ ಹಣವಿತ್ತು, ನಮ್ಮ ಸಂಘದ ಬೆಳೆಸಾಲವೂ ಇತ್ತು.

ಇದು ಇವನೊಬ್ಬನ ಕಥೆಯಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟ ಹೊಂದಿದರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದೂ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ.

ಹಾಗಾದರೆ ಯಾವ ಬೇಲಿ ನಿಲ್ಲುತ್ತದೆ?

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಯುತ್ತೇವೆ? ಮಳೆ ಹಿಡಿಯುವ ಮುಂಚೆ. ಕಾಯಿ ಉದುರತೊಡಗಿದ ಮೇಲೆ ಕೊನೆಗಾರನನ್ನು ಹುಡುಕಿದರೆ ಅವನೂ ಸಿಗುವುದಿಲ್ಲ, ಮಳೆಯೂ ಬಿಡುವುದಿಲ್ಲ. ಜಿಗಿತಕ್ಕೆ ಮದ್ದೂ ಹಾಗೆಯೇ. ಅದನ್ನು ಮೊದಲೇ ಕೊಂಡಿಡಬೇಕು. ಆಪ್ಷನ್ನಿನ ಜಿಗಿತಕ್ಕೆ ನಿಲ್ಲುವ ಬೇಲಿ ಇನ್ನೊಂದು ಆಪ್ಷನ್ನೇ ಹೊರತು ಫ್ಯೂಚರ್ಸ್ ಅಲ್ಲ.

ಲೆಕ್ಕ ನೋಡಿ. 20,000ದ ಪುಟ್ ಮಾರಿ 400 ಪಡೆದವನು, ಅದೇ ಗಳಿಗೆಯಲ್ಲಿ 19,000ದ ಪುಟ್ ಒಂದನ್ನು 120 ಕೊಟ್ಟು ಕೊಳ್ಳುತ್ತಾನೆ. ಕೈಯಲ್ಲಿ ಉಳಿದದ್ದು 280. ಈಗ ನಿಫ್ಟಿ 18,000ಕ್ಕೆ ಬರಲಿ, 15,000ಕ್ಕೆ ಬರಲಿ, ಅವನ ನಷ್ಟ 1,000ದಲ್ಲಿ 280 ಕಳೆದು 720, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಪಂಪು ಎಳೆಯಬೇಕಾಗಿಲ್ಲ, ರಾತ್ರಿ ನಿದ್ದೆ ಕೆಡಬೇಕಾಗಿಲ್ಲ.

ಇದೂ ಪುಕ್ಕಟೆಯಲ್ಲ. 120 ರೂಪಾಯಿ ಪ್ರತಿ ತಿಂಗಳು ಹೋಗುತ್ತದೆ, ಮಳೆ ಬಾರದ ವರ್ಷ ಹೊಡೆದ ಬೋರ್ಡೋದಂತೆ. 1987ರ ನಂತರ ಅಮೆರಿಕದಲ್ಲಿ ಇಂಥ ದೂರದ ಪುಟ್‌ಗಳ ಬೆಲೆ ಹಳೆಯ ಸೂತ್ರ ಹೇಳುವುದಕ್ಕಿಂತ ಮೇಲೆಯೇ ನಿಂತಿತು. ನೆರೆ ಕಂಡವರು ಎತ್ತರದ ಜಾಗಕ್ಕೆ ಹೆಚ್ಚು ಬೆಲೆ ಕೊಡುತ್ತಾರಷ್ಟೆ. ಈ ಖರ್ಚು ಕಳೆದ ಮೇಲೆ ಉಳಿಯುವುದು ತೀರ ಕಡಿಮೆ ಎನಿಸಿದರೆ, ಆ ವ್ಯವಹಾರದಲ್ಲಿ ನಿಜವಾಗಿ ಇದ್ದ ಲಾಭವೂ ಅಷ್ಟೇ ಎಂದು ತಿಳಿಯತಕ್ಕದ್ದು.

ಸದಸ್ಯರ ಗಮನಕ್ಕೆ

1. ಬೆಳೆಸಾಲದ ಹಣ, ಆಭರಣ ಅಡವಿಟ್ಟ ಹಣ, ಮಕ್ಕಳ ಫೀಸಿನ ಹಣ ಇದಕ್ಕೆ ಹೋಗಕೂಡದು. ಬೆಳೆಸಾಲವನ್ನು ಬೆಳೆಗೇ ಕೊಡುವುದು.

2. ಮಾರಲೇಬೇಕೆಂದಿದ್ದರೆ ಮೊದಲು ದೂರದ ಆಪ್ಷನ್ ಕೊಳ್ಳಿ, ಆಮೇಲೆ ಮಾರಿ. ಕಾಲ್‌ಗೂ ಇದೇ ನಿಯಮ, ಪುಟ್‌ಗೂ ಇದೇ ನಿಯಮ.

3. ನಾಳೆ ಬೆಳಿಗ್ಗೆ ಸೂಚ್ಯಂಕ ಶೇಕಡ 5, ಶೇಕಡ 10, ಶೇಕಡ 13 ಆಚೆ ಈಚೆ ತೆರೆದರೆ ನಷ್ಟವೆಷ್ಟು? ಇವತ್ತೇ ಕಾಗದದ ಮೇಲೆ ಬರೆಯಿರಿ. ಆ ಮೊತ್ತವನ್ನು ಮನೆಯವರಿಗೆ ಓದಿ ಹೇಳಿ. ಹೇಳಲು ಬಾಯಿ ಬಾರದಿದ್ದರೆ ವ್ಯವಹಾರ ದೊಡ್ಡದಾಯಿತೆಂದು ಅರ್ಥ.

4. ಸ್ಟಾಪ್ ಲಾಸ್ ಇದೆಯೆಂದು ನಂಬಬೇಡಿ. ಜಿಗಿತದಲ್ಲಿ ಅದು ಗೆರೆ ದಾಟಿದ ಮೇಲೆ ಸಿಕ್ಕ ಬೆಲೆಗೆ ಮುಗಿಯುತ್ತದೆ, ಇಲ್ಲವೇ ಎದುರಾಳಿ ಸಿಗದೆ ಹಾಗೆಯೇ ಉಳಿಯುತ್ತದೆ.

5. ಚುನಾವಣೆ, ಮುಂಗಡಪತ್ರ ಇವುಗಳ ದಿನಾಂಕ ಮೊದಲೇ ತಿಳಿದಿರುತ್ತದೆ. ಅಂಥ ದಿನಗಳ ಮುಂಚೆ ಹೊರೆ ಇಳಿಸಿಕೊಳ್ಳಿ. ಆ ದಿನಗಳಲ್ಲಿ ಪ್ರೀಮಿಯಂ ಹೆಚ್ಚು ಸಿಗುವುದು ಉದಾರತೆಯಿಂದಲ್ಲ.

6. ಮ್ಯೂಚುಯಲ್ ಫಂಡಿನಲ್ಲಿ ಹಣವಿಟ್ಟು ಹೆದರಿಕೆಯಾದವರಿಗೆ ಎಲ್ಲಕ್ಕಿಂತ ಸುಲಭದ ಬೇಲಿ, ಅಲ್ಲಿಟ್ಟ ಹಣವನ್ನು ಕಡಿಮೆ ಮಾಡುವುದು. ಅದಕ್ಕೆ ಸೂತ್ರ ಬೇಡ.

ಆ ಹುಡುಗನ ಕಂತನ್ನು ನಿಯಮದ ಮಿತಿಯೊಳಗೆ ಮುಂದೂಡಿದ್ದೇವೆ. ಅವನು ಈಗ ತೋಟದಲ್ಲಿದ್ದಾನೆ. ಹೋದ ತಿಂಗಳು ಬಂದಾಗ ಈ ಲೇಖನದ ಲೆಕ್ಕಗಳನ್ನು ಕುಳಿತು ತಿದ್ದಿಕೊಟ್ಟವನೂ ಅವನೇ. ಎದ್ದು ಹೋಗುವಾಗ, "ಇದನ್ನ ಎರಡು ವರ್ಷ ಮೊದಲೇ ಬರೀಬೇಕಿತ್ತು ಸಾರ್" ಎಂದ. ಬರೆಯಬೇಕಾಗಿತ್ತು. ಬೇರೆ ಸದಸ್ಯರ ಮನೆಗಳಲ್ಲಿ ಇಂಥ ವ್ಯವಹಾರ ನಡೆಯುತ್ತಿದ್ದರೆ, ಸಂಕೋಚಪಡದೆ ಲೆಕ್ಕದ ಹಾಳೆಯೊಂದಿಗೆ ಕಚೇರಿಗೆ ಬನ್ನಿ. ಗುರುವಾರಗಳಂದು ಮಧ್ಯಾಹ್ನದ ಮೇಲೆ ನಾವು ಇರುತ್ತೇವೆ. ಜಿಗಿತ ಬರುವ ಮುಂಚೆ ಬನ್ನಿ ಎಂಬುದಷ್ಟೇ ನಮ್ಮ ವಿನಂತಿ.

— ಕಾರ್ಯದರ್ಶಿ